ಆಕಾಶದಲ್ಲಿ ತೇಲಿದ ಹಡಗುಗಳು
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಿರಹಟ್ಟಿ ಜಾತ್ರೆಯಲ್ಲಿ ಗ್ಯಾಸ್ ಬಲೂನಿನ ದಾರ ಕೈತಪ್ಪಿದರೆ ಅದು ಮೇಲೇರಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಒಳಗಿನ ಅನಿಲ ಹೊರಗಿನ ಗಾಳಿಗಿಂತ ಹಗುರ, ಕಾರಣ ಇಷ್ಟೇ. ಇದೇ ತತ್ವದ ಮೇಲೆ ನೂರು ವರ್ಷಗಳ ಹಿಂದೆ ನೌಕಾಪಡೆಗಳು ಆಕಾಶದಲ್ಲಿ ಹಡಗು ನಡೆಸಿದವು. ಹಗುರ ಲೋಹದ ಹಂದರ, ಅದರೊಳಗೆ ಸಾಲಾಗಿ ಅನಿಲದ ಚೀಲಗಳು, ಮೇಲೆ ಬಣ್ಣ ಬಳಿದ ಹತ್ತಿ ಬಟ್ಟೆ. ಹತ್ತಿ ಬೆಳೆದು ಮಗ್ಗ ನಡೆಸುವ ಗದಗ-ಬೆಟಗೇರಿಯ ಜನ ನಾವು. ಬಟ್ಟೆ ಹೊದ್ದ ಹಡಗು ಎಂದರೆ ನಮಗೆ ಬೆರಗಾಗುವುದು ಸಹಜ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ನೌಕಾಪಡೆ ಇವನ್ನು ಸಮುದ್ರದ ಕಾವಲಿಗೂ ಇಂಗ್ಲೆಂಡಿನ ಮೇಲೆ ಬಾಂಬು ಹಾಕಲೂ ಬಳಸಿತು. ತುಂಬಿದ್ದು ಜಲಜನಕ, ಕಿಡಿ ಬಿದ್ದರೆ ಬೂದಿ. ಅವುಗಳ ದಳಪತಿ ಪೀಟರ್ ಸ್ಟ್ರಾಸರ್ 1918ರ ಆಗಸ್ಟ್ 5ರಂದು ಉರಿಯುವ ಹಡಗಿನೊಂದಿಗೇ ಸಮುದ್ರಕ್ಕೆ ಬಿದ್ದು ಮಡಿದ.

ನಮಗೂ ಈ ಕತೆಯ ನಂಟು ಉಂಟು. 1930ರಲ್ಲಿ ಆರ್-101 ಎಂಬ ಬ್ರಿಟಿಷ್ ಹಡಗು ಕರಾಚಿಗೆ ಹೊರಟಿತು. ಅದು ನೌಕಾಪಡೆಯದಲ್ಲ, ಪ್ರಯಾಣಿಕರದು. ಕರಾಚಿಯೂ ಗದಗೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಅದನ್ನು ನಿಲ್ಲಿಸಲು ಕರಾಚಿಯಲ್ಲಿ ಭಾರಿ ಕಟ್ಟಡವೂ ಸಿದ್ಧವಾಗಿತ್ತು. ಆದರೆ ಅಕ್ಟೋಬರ್ 5ರ ನಸುಕಿನಲ್ಲಿ ಅದು ಫ್ರಾನ್ಸಿನಲ್ಲಿ ನೆಲಕ್ಕಪ್ಪಳಿಸಿ ಉರಿಯಿತು. 54 ಜನರಲ್ಲಿ 48 ಮಂದಿ ತೀರಿಕೊಂಡರು.

ಅಮೆರಿಕದ ನೌಕಾಪಡೆ ಉರಿಯದ ಹೀಲಿಯಂ ತುಂಬಿತು. ಅದರ ‘ಆಕ್ರಾನ್’ 785 ಅಡಿ ಉದ್ದ, ಸುಮಾರು ಹತ್ತು ಬೋಗಿಯ ರೈಲಿನಷ್ಟು. ಹೊಟ್ಟೆಯೊಳಗೆ ಸಣ್ಣ ವಿಮಾನಗಳನ್ನು ಇಟ್ಟುಕೊಂಡು, ಹಾರುತ್ತಲೇ ಇಳಿಬಿಟ್ಟು ಮರಳಿ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿತ್ತು. 1933ರ ಏಪ್ರಿಲ್ 4ರಂದು ಬಿರುಗಾಳಿಗೆ ಸಿಕ್ಕು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. 76 ಜನರಲ್ಲಿ ಉಳಿದವರು ಮೂವರೇ. ಬೆಂಕಿಯಲ್ಲ ಕೊಂದದ್ದು, ತಣ್ಣೀರು. ಅಷ್ಟು ದೊಡ್ಡ ಹಡಗಿನಲ್ಲಿ ತೇಲುವ ಜಾಕೆಟ್‌ಗಳೇ ಇರಲಿಲ್ಲ!

ಅದರ ಜೋಡಿ ಹಡಗು ‘ಮೇಕನ್’ನಲ್ಲಿ ಆಮೇಲೆ ಜಾಕೆಟ್, ರಬ್ಬರ್ ದೋಣಿ ಇಟ್ಟರು. 1934ರಲ್ಲಿ ಅದರ ಬಾಲದ ರೆಕ್ಕೆಯ ಬಳಿ ಹಂದರ ಮುರಿಯಿತು. ಹಂತಹಂತವಾಗಿ ಬಲಪಡಿಸಿದರು; ಮೇಲಿನ ರೆಕ್ಕೆಯ ಕೆಲಸ ಮಾತ್ರ ಬಾಕಿ ಉಳಿಯಿತು. 1935ರ ಫೆಬ್ರವರಿ 12ರಂದು ಗಾಳಿ ಕಿತ್ತದ್ದು ಅದೇ ಮೇಲಿನ ರೆಕ್ಕೆಯನ್ನು. ಹಡಗು ಸಮುದ್ರ ಸೇರಿತು. ಆದರೆ ಸತ್ತವರು ಇಬ್ಬರೇ. ಜಾಕೆಟ್ಟು, ದೋಣಿ ಉಳಿದವರನ್ನು ಕಾಪಾಡಿದವು.

ಮಕ್ಕಳೇ, ಒಂದೇ ಹಡಗಿನಲ್ಲಿ ಎರಡು ಪಾಠ: ಕಲಿತ ಪಾಠ ಜೀವ ಉಳಿಸಿತು, ಮುಂದೂಡಿದ ದುರಸ್ತಿ ಹಡಗನ್ನೇ ನುಂಗಿತು.

ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ವಿನಂತಿ. ಐವತ್ತರ ನೆನಪಿಗೆ ಕಮಾನು ಕಟ್ಟಬೇಕೆಂಬ ಆಸೆ ನನಗೂ ಉಂಟು. ಕಟ್ಟೋಣ. ಆದರೆ ಮೊದಲು ಹಳೆಯ ಕೋಣೆಗಳ ಛಾವಣಿ, ವಿದ್ಯುತ್ ತಂತಿ, ಪ್ರಯೋಗಾಲಯದ ಬೆಂಕಿ ಆರಿಸುವ ಸಾಧನ ಇವನ್ನು ತಿಳಿದವರಿಂದ ನೋಡಿಸೋಣ. ಕಮಾನು ಒಂದು ವರ್ಷ ಕಾದೀತು. ಛಾವಣಿಯ ಕೆಳಗೆ ಕೂತ ಮಗು ಕಾಯಬಾರದು.