ಸಾಬೂನಿನಲ್ಲಿ ರಂಗವಲ್ಲಿ



ಪರೇಲಿನ ಚಾಳಿನಲ್ಲಿ ನಮಗೆ ಅಂಗಳವಿಲ್ಲ. ರಂಗವಲ್ಲಿಯ ಕೈಚಳಕವನ್ನು ಸಾಬೂನಿನಲ್ಲಿ ತೋರಬಹುದು.

500 ಗ್ರಾಂ ಕೊಬ್ಬರಿ ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾ, 175 ಗ್ರಾಂ ನೀರು. ಕೈಗವಸು, ಕನ್ನಡಕ ಧರಿಸಿ ಸೋಡಾವನ್ನು ನೀರಿಗೆ ಹಾಕಿರಿ; ಸೋಡಾದ ಮೇಲೆ ನೀರು ಸುರಿಯಲೇಬಾರದು. ಅಲ್ಯುಮಿನಿಯಂ ಪಾತ್ರೆ ಸಲ್ಲದು. ತಣಿದ ಮೇಲೆ ಎಣ್ಣೆಗೆ ಬೆರೆಸಿ ಕಡೆಯಿರಿ. ಸೌಟಿನಿಂದ ಬಿದ್ದ ಗೆರೆ ಮೇಲೆಯೇ ನಿಂತರೆ ಹದ ಬಂತು.

ಅರ್ಧಕ್ಕೆ ಅರಸಿನ ಬೆರೆಸಿರಿ. ಓಕುಳಿಯ ಸುಣ್ಣದಂತೆ ಕ್ಷಾರ ಅದನ್ನು ಕೆಂಪಾಗಿಸುತ್ತದೆ. ಎಣ್ಣೆಕಾಗದ ಹಾಸಿದ ರಟ್ಟಿನ ಪೆಟ್ಟಿಗೆಗೆ ಎರಡನ್ನೂ ಸರದಿಯಂತೆ ಹೊಯ್ದು, ಹೊಸ ಕಸಬರಿಗೆಯ ಕಡ್ಡಿಯಿಂದ ನಾಲ್ಕು ಸುತ್ತು ಎಳೆಯಿರಿ. ಮೊದಲ ಸಲ ನಾನು ಆಸೆಯಿಂದ ಹತ್ತು ಸುತ್ತು ಎಳೆದೆ. ಎರಡು ಬಣ್ಣವೂ ಕೆಟ್ಟು ಮಬ್ಬಾಯಿತು. ಗಟ್ಟಿಯಾದೊಡನೆ ಕೊಯ್ದು ನಾಲ್ಕು ವಾರ ಒಣಗಿಸಿರಿ.

ಮರಾಠಿ ನೆರೆಯಲ್ಲಿ ಬಾಳುವ ನಮಗೂ ಇದೇ ಹದ: ಬೆರೆಯೋಣ, ನಮ್ಮ ಬಣ್ಣ ಉಳಿಸಿಕೊಂಡು.