ಗ್ರಾಮೀಣ ಬಡವರ ನೇತ್ರಚಿಕಿತ್ಸೆ



ವಯಸ್ಸಾದಂತೆ ತಲೆಗೂದಲು ನರೆಯುವ ಹಾಗೆಯೇ ಕಣ್ಣಿನೊಳಗಿನ ಮಸೂರವೂ ಮಬ್ಬಾಗುತ್ತದೆ. ಇದನ್ನೇ ಪೊರೆ ಎನ್ನುತ್ತೇವೆ. ನಗರದ ಮನೆಯಲ್ಲಿ ಅಜ್ಜಿಗೆ ಪಂಚಾಂಗದ ಅಕ್ಷರ ಕಾಣದಾದರೆ ವಾರ ಕಳೆಯುವುದರೊಳಗೆ ವೈದ್ಯರ ಭೇಟಿಯಾಗುತ್ತದೆ. ಹಳ್ಳಿಯಲ್ಲಿ ಅದೇ ವಯಸ್ಸಿನ ಮುದುಕಿ ಗೋಡೆ ಹಿಡಿದು ಹಿತ್ತಲಿಗೆ ಹೋಗುವುದನ್ನು ರೂಢಿಸಿಕೊಳ್ಳುತ್ತಾಳೆ; ವಯಸ್ಸಾಯಿತೆಂದು ಮನೆಯವರೂ ಸುಮ್ಮನಾಗುತ್ತಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು ಇಬ್ಬರು ಅಂಧರು. ಆ ಅಂಧತ್ವದಲ್ಲಿ ಮೂರರಲ್ಲಿ ಎರಡು ಪಾಲಿಗೆ ಪೊರೆಯೇ ಕಾರಣ. ಕೆಲವೇ ನಿಮಿಷಗಳ ಶಸ್ತ್ರಚಿಕಿತ್ಸೆಯಿಂದ ಮರಳಿ ಬರಬಹುದಾದ ದೃಷ್ಟಿಯಿದು ಎಂಬುದೇ ಇಲ್ಲಿಯ ದುಃಖ.

ಬಡವನ ಬಾಗಿಲಿಗೇ ನೇತ್ರವೈದ್ಯನು ಹೋಗಬೇಕೆಂಬ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ತಮ್ಮ ಇಡೀ ಆಯುಷ್ಯವನ್ನು ಇದಕ್ಕಾಗಿಯೇ ಸವೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ ಅವರ ಸಾಧನೆಯನ್ನು ಗಿನ್ನೆಸ್ ಗ್ರಂಥ ದಾಖಲಿಸಿತು. 1993ರ ಫೆಬ್ರವರಿಯವರೆಗೆ ಅವರು ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಆರು ಲಕ್ಷವನ್ನು ಮೀರಿತ್ತೆಂದು ಅದೇ ಗ್ರಂಥ ಹೇಳುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 2005ರಲ್ಲಿ ಅವರು ದಿವಂಗತರಾದರು. ಶಾಲೆಯ ಕೊಠಡಿಗಳೇ ಆಸ್ಪತ್ರೆಯಾಗುತ್ತಿದ್ದ ಆ ಶಿಬಿರಗಳ ಕಾಲದಲ್ಲಿ ಮಬ್ಬಾದ ಮಸೂರವನ್ನು ತೆಗೆಯಲಾಗುತ್ತಿತ್ತೇ ಹೊರತು ಅದರ ಜಾಗದಲ್ಲಿ ಹೊಸದನ್ನು ಕೂಡಿಸುತ್ತಿರಲಿಲ್ಲ. ರೋಗಿಯು ಉಳಿದ ಆಯುಷ್ಯವನ್ನೆಲ್ಲ ಸೋಡಾಬುಡ್ಡಿ ಕನ್ನಡಕದಲ್ಲಿಯೇ ಕಳೆಯಬೇಕಿತ್ತು. ಕನ್ನಡಕ ಒಡೆದರೆ ಮತ್ತೆ ಕತ್ತಲೆ.

ಕೃತಕ ಮಸೂರವನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆಯವರು 1949ರಲ್ಲಿಯೇ ಕೂಡಿಸಿದ್ದರೂ ಅದರ ಬೆಲೆ ಬಡವರಿಗೆ ನಿಲುಕುವಂತಿರಲಿಲ್ಲ. ಮಧುರೆಯ ಅರವಿಂದ ನೇತ್ರ ಸಂಸ್ಥೆಯು 1992ರಲ್ಲಿ ತನ್ನದೇ ಕಾರ್ಖಾನೆಯಲ್ಲಿ ಮಸೂರ ತಯಾರಿಸತೊಡಗಿದ ಮೇಲೆ ಆ ಬೆಲೆ ಇಳಿಯಿತು. 1994ರಿಂದ 2002ರವರೆಗೆ ಮಹಾರಾಷ್ಟ್ರವೂ ಸೇರಿದಂತೆ ಏಳು ರಾಜ್ಯಗಳಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ ನಡೆಯಿತು. ಕ್ರಮೇಣ ಪದ್ಧತಿಯೇ ಬದಲಾಯಿತು: ಊರಿನಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಪುಣೆಯದು, ಮತ್ತು ಪುಣೆಯವರಿಗೇ ಅಷ್ಟಾಗಿ ತಿಳಿಯದ್ದು. ಹಡಪ್ಸರದ ಸಮೀಪದ ಮೊಹಮ್ಮದವಾಡಿಯಲ್ಲಿ ಎಚ್. ವಿ. ದೇಸಾಯಿ ನೇತ್ರಾಲಯವಿದೆ. ಇದನ್ನು ನಡೆಸುವ ಸಂಸ್ಥೆಯ ಹೆಸರು ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್; ಅಂಧರ ಸೇವೆಗೆಂದು ಹುಟ್ಟಿದ ಸಂಸ್ಥೆಯೇ ಅಂಧತ್ವವನ್ನು ತಡೆಯಲು ಹೊರಟಿತು. ಇಲ್ಲಿ ಡಾ. ಪರೀಕ್ಷಿತ್ ಗೋಗಟೆ ಮತ್ತು ಅವರ ಸಹೋದ್ಯೋಗಿಗಳು ಒಂದು ನೇರವಾದ ಪ್ರಶ್ನೆಯನ್ನು ಎತ್ತಿಕೊಂಡರು. ಶ್ರೀಮಂತರಿಗೆ ಮಾಡುವ 'ಫೇಕೋ' ವಿಧಾನದಲ್ಲಿ ದುಬಾರಿ ಯಂತ್ರವೊಂದು ಧ್ವನಿತರಂಗಗಳಿಂದ ಪೊರೆಯನ್ನು ಒಡೆದು ಹೀರಿಕೊಳ್ಳುತ್ತದೆ. ಇನ್ನೊಂದು ವಿಧಾನದಲ್ಲಿ ವೈದ್ಯರು ಯಂತ್ರವಿಲ್ಲದೆ, ಹೊಲಿಗೆ ಬೇಡದಂತಹ ಸಣ್ಣ ಸೀಳಿನ ಮೂಲಕ ಪೊರೆಯನ್ನು ಹೊರತೆಗೆಯುತ್ತಾರೆ. ಅಗ್ಗದ್ದನ್ನು ಬಡವನಿಗೆ ಕೊಟ್ಟರೆ ಕೀಳು ಚಿಕಿತ್ಸೆ ಕೊಟ್ಟಂತಾಗುವುದೇ? ನಾನೂರು ಕಣ್ಣುಗಳನ್ನು ಎರಡು ಗುಂಪುಗಳಾಗಿ ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಆರು ವಾರಗಳ ನಂತರ ಕನ್ನಡಕವಿಲ್ಲದೆಯೇ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಪಡೆದವರು ಫೇಕೋ ಗುಂಪಿನಲ್ಲಿ ನೂರಕ್ಕೆ 81, ಸಣ್ಣ ಸೀಳಿನ ಗುಂಪಿನಲ್ಲಿ 71. ತಕ್ಕ ಕನ್ನಡಕ ಹಾಕಿ ನೋಡಿದಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ 98! ಖರ್ಚನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಫೇಕೋಗೆ ಸುಮಾರು 42 ಡಾಲರ್, ಸಣ್ಣ ಸೀಳಿಗೆ ಸುಮಾರು 15 ಡಾಲರ್ ಎಂದಿದೆ. ಒಬ್ಬರಿಗೆ ತಗಲುವ ವೆಚ್ಚದಲ್ಲಿ ಇಬ್ಬರಿಗಿಂತ ಹೆಚ್ಚು ಜನರಿಗೆ ದೃಷ್ಟಿ ಕೊಡಬಹುದೆಂದು ಇದರ ಅರ್ಥ.

ಹೀಗಿದ್ದೂ, ಶಸ್ತ್ರಚಿಕಿತ್ಸೆ ಉಚಿತವೆಂದು ಸಾರಿದರೂ ಬಾರದವರಿದ್ದಾರೆ. ಅವರನ್ನು ಅಜ್ಞಾನಿಗಳೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಜೊತೆಗೆ ಬರುವ ಮಗನಿಗೆ ಎರಡು ದಿನದ ಕೂಲಿ ಹೋಗುತ್ತದೆ. ಸೊಸೆ ಬಂದರೆ ದನಕರುಗಳನ್ನು ನೋಡುವವರಿಲ್ಲ. ಮುದುಕನಿಗಾದರೂ ಯಾರೋ ಸಿಕ್ಕಾರು, ಮುದುಕಿಯ ಸರದಿ ಬರುವುದು ಕೊನೆಗೆ. ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಿಂದ, ಕಲಬುರಗಿ, ಯಾದಗಿರಿಗಳಿಂದ ಪುಣೆಯ ಕಟ್ಟಡಗಳ ಕೆಲಸಕ್ಕೆ ಬಂದವರ ತಂದೆತಾಯಿಗಳಲ್ಲಿ ಕನ್ನಡವಲ್ಲದೆ ಬೇರೆ ಭಾಷೆ ತಿಳಿಯದವರು ಎಷ್ಟೋ ಮಂದಿ. ಹನಿ ಔಷಧಿಯನ್ನು ದಿನಕ್ಕೆ ಎಷ್ಟು ಸಲ ಹಾಕಬೇಕು, ತಲೆಗೆ ಎಂದಿನಿಂದ ನೀರು ಹಾಕಿಕೊಳ್ಳಬಹುದು ಎಂಬುದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಬೇಕು. ಇದಕ್ಕೆ ವೈದ್ಯರೇ ಆಗಬೇಕಿಲ್ಲ. ನಿವೃತ್ತರಾಗಿ ಬೆಳಗಿನ ಹೊತ್ತು ಬಿಡುವಾಗಿರುವ ಪುಣೆಯ ಕನ್ನಡ ಗೃಹಸ್ಥರಿಗೆ, ಗೃಹಿಣಿಯರಿಗೆ ಇದು ಧನವಿಲ್ಲದೆಯೂ ಸಲ್ಲುವ ದಾನ.

ಇನ್ನೊಂದು ವಿಷಯ. ಮೇಲೆ ಹೇಳಿದ 71 ಮತ್ತು 98ರ ನಡುವಣ ಇಪ್ಪತ್ತೇಳು ಜನರಿಗೆ ಬೇಕಾದದ್ದು ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲ, ಒಂದು ಕನ್ನಡಕ. ಗಾಯ ಮಾಯ್ದ ಮೇಲೆ, ಸುಮಾರು ಆರನೆಯ ವಾರದಲ್ಲಿ, ಅದರ ಅಳತೆ ತೆಗೆಯಬೇಕು. ಪಟ್ಟಿ ಬಿಚ್ಚಿದ ದಿನವೇ ಸೂರ್ಯನ ಬೆಳಕು ಕಂಡ ರೋಗಿಗೆ ಮತ್ತೆ ಹೋಗಬೇಕೆನಿಸುವುದಿಲ್ಲ; ಬಸ್ ಚಾರ್ಜೂ ಇರುವುದಿಲ್ಲ. ಆದುದರಿಂದ ಈಗ ದೊಡ್ಡ ನೇತ್ರಾಲಯಗಳು ತಾಲ್ಲೂಕಿನ ಊರುಗಳಲ್ಲಿ ಚಿಕ್ಕ ದೃಷ್ಟಿಕೇಂದ್ರಗಳನ್ನು ತೆರೆಯುತ್ತಿವೆ. ಅಲ್ಲಿ ವೈದ್ಯರಿರದಿದ್ದರೂ ತರಬೇತಿ ಪಡೆದ ಸಹಾಯಕರೊಬ್ಬರು ಇರುತ್ತಾರೆ. ಸಂತೆಗೆ ಬಂದ ಮುದುಕಿ ಕಾಯಿಪಲ್ಲೆಯ ಚೀಲವನ್ನು ಪಕ್ಕದಲ್ಲಿಟ್ಟು ಕುಳಿತರೆ, ಕಾಲು ಗಂಟೆಯಲ್ಲಿ ಅವಳ ಕನ್ನಡಕದ ಅಳತೆ ಮುಗಿಯುತ್ತದೆ.