ವಿಕಲಚೇತನರ ಜೊತೆ ನಡೆಯುವವರು ಯಾರು?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವ ನಮ್ಮ ಮೇಜಿನ ಮುಂದೆ ಎರಡು ವರ್ಷದ ಹಿಂದೆ ಒಬ್ಬ ತಾಯಿ ಮಗನೊಂದಿಗೆ ಬಂದು ಕುಳಿತರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ತಾಯಿಯ ಕೈಯಲ್ಲಿ ಒಂದು ಚೀಲದ ತುಂಬ ಜೆರಾಕ್ಸ್ ಪ್ರತಿಗಳು. ಯಾವ ಕಾಗದ ಯಾವ ಕಚೇರಿಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ.

ನೀವೇ ನೋಡಿ. ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಮಾಸಾಶನಕ್ಕೆ ನಾಡಕಚೇರಿ. ಬಸ್ ಪಾಸಿಗೆ ಸಾರಿಗೆ ಸಂಸ್ಥೆ. ರೈಲಿನ ರಿಯಾಯಿತಿಗೆ ರೈಲ್ವೆಯವರದೇ ಬೇರೆ ನಮೂನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಒಳ್ಳೆಯ ಕಾಯ್ದೆ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ.

ಅದನ್ನು ತಲುಪಿಸಲೆಂದೇ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಗ್ರಾಮದ ಕಾರ್ಯಕರ್ತರು ಸ್ವತಃ ವಿಕಲಚೇತನರು. ಸಿಗುವುದು ಸಂಬಳವಲ್ಲ, ಗೌರವಧನ. ಆದರೂ ಮನೆಮನೆಗೆ ಹೋಗಿ ಪಟ್ಟಿ ಮಾಡುವವರು, ಶಿಬಿರಕ್ಕೆ ಕರೆದೊಯ್ಯುವವರು, ವಿಕಲಚೇತನರಿಗೆ ಮೀಸಲಾದ ಹಣ ಏನಾಯಿತೆಂದು ಪಂಚಾಯಿತಿಯಲ್ಲಿ ಕೇಳಬೇಕಾದವರು ಅವರೇ.

ಆ ತಾಯಿಗಾಗಿ ನಾವು ತಾಲ್ಲೂಕಿನ ಕಾರ್ಯಕರ್ತರನ್ನು ಕರೆಸಿದೆವು. ಮೂರು ಚಕ್ರದ ಸ್ಕೂಟರಿನಲ್ಲಿ ಬಂದರು. ಅಷ್ಟು ಹೊತ್ತೂ ನಾವೆಲ್ಲ ತಾಯಿಯೊಂದಿಗೇ ಮಾತನಾಡುತ್ತಿದ್ದೆವು, ಗಾಲಿಕುರ್ಚಿ, ಮಾಸಾಶನ ಎಂದು. ಅವರು ಹುಡುಗನ ಪಕ್ಕ ಕುಳಿತು, "ತಮ್ಮಾ, ನಿನಗೇನು ಬೇಕು?" ಎಂದರು. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಅವರು ಕಾದರು. ಹತ್ತನೇ ಪರೀಕ್ಷೆಯನ್ನು ಗೆಳೆಯರ ಜೊತೆಗೇ ಬರೆಯಬೇಕು ಎಂದ ಹುಡುಗ. ನಮಗೆ ನಾಚಿಕೆಯಾಯಿತು.

ಪರೀಕ್ಷೆಗೆ ಬೇಕಾದದ್ದು ಗಾಲಿಕುರ್ಚಿಯಲ್ಲ. ಬರೆದುಕೊಡುವ ಲಿಪಿಕಾರ, ಹೆಚ್ಚುವರಿ ಸಮಯ. ಅದಕ್ಕೆ ಶಾಲೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು. ಉಳಿದದ್ದು ಕೆಲವೇ ದಿನ. ಕಾರ್ಯಕರ್ತರು ತಾವೇ ಮಾಡಿಸಿಕೊಡುತ್ತೇನೆ ಎನ್ನಲಿಲ್ಲ. "ಅಮ್ಮಾ, ನೀವೇ ಕೇಳಿ, ನಾನು ಪಕ್ಕದಲ್ಲಿರುತ್ತೇನೆ" ಎಂದು ತಾಯಿಯನ್ನೇ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಿದರು. ದಲ್ಲಾಳಿಗೂ ಇವರಿಗೂ ಇರುವ ವ್ಯತ್ಯಾಸ ಇದೇ. ಹುಡುಗ ಮೊದಲ ಸಲ ಗಣಿತದಲ್ಲಿ ಫೇಲಾದ, ಮತ್ತೆ ಬರೆದು ಪಾಸಾದ. ಮಾಸಾಶನ ಆಮೇಲೆ ಬಂತು. ಆ ತಾಯಿ ಈಗ ತಮ್ಮ ಬೀದಿಯ ಇನ್ನೊಬ್ಬ ತಾಯಿಯನ್ನು ಕರೆತಂದಿದ್ದಾರೆ.

ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ಒಳಕೋಣೆಯಲ್ಲೇ ಇರಿಸಿದ ಮಕ್ಕಳು ನಮ್ಮಲ್ಲೂ ಇದ್ದಾರೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಜೂನ್ ತಿಂಗಳಿಂದ ಪ್ರತಿ ಭಾನುವಾರ ಆ ಮೇಜಿನ ಬಳಿ ಈ ಕೆಲಸಕ್ಕೆಂದೇ ಒಬ್ಬರು ಕೂರುತ್ತಾರೆ. ನಮ್ಮ ಕಚೇರಿ ಮಹಡಿಯ ಮೇಲಿದೆ, ಮೆಟ್ಟಿಲು ಕಡಿದು. ಹಾಗಾಗಿ ಅಂದು ಮೇಜನ್ನೇ ಕೆಳಗಿಳಿಸುತ್ತೇವೆ. ಬರುವಾಗ ಕಾಗದದ ಚೀಲವೊಂದನ್ನೇ ತರಬೇಡಿ, ಮಗುವನ್ನೂ ಕರೆದುಕೊಂಡು ಬನ್ನಿ.